ಮೂತ್ರನಾಳದ ಮೇಲ್ಭಾಗದ ದೊಡ್ಡ ಕಲ್ಲು: ನಾಲ್ಕು ಆಪರೇಷನ್, ಎಷ್ಟು ಸಲ ಬೆಂಗಳೂರು?

ಬೂದಿಕೋಟೆ ಕಡೆಯಿಂದ ವಾಟ್ಸಾಪಿಗೆ ಒಂದು ಸ್ಕ್ಯಾನ್ ರಿಪೋರ್ಟ್ ಬರುತ್ತೆ ಅಂದುಕೊಳ್ಳಿ. ಬಲಗಡೆ ಅಪ್ಪರ್ ಯುರೇಟರ್‌ನಲ್ಲಿ 17 ಮಿಲಿಮೀಟರ್ ಕಲ್ಲು, ಆ ಬದಿಯ ಕಿಡ್ನಿ ಊದಿಕೊಂಡಿದೆ. ಕೆಳಗೆ ಒಂದೇ ಸಾಲು: "ಲೇಸರ್ ಮಾಡಿಸ್ಬೇಕಂತೆ, ಎಲ್ಲಿ ಕಮ್ಮಿಗೆ ಆಗುತ್ತೆ ನೋಡಪ್ಪ." ಊರಲ್ಲಿ ಇಂಜಿನಿಯರಿಂಗ್ ಓದಿದವನೊಬ್ಬ ಇದ್ದರೆ ಅವನಿಗೆ ಯಂತ್ರದಿಂದ ಹಿಡಿದು ಯಕೃತ್ತಿನವರೆಗೆ ಎಲ್ಲ ಗೊತ್ತಿರುತ್ತೆ ಅನ್ನೋ ನಂಬಿಕೆ ನಮ್ಮಲ್ಲಿ ಇನ್ನೂ ಹೋಗಿಲ್ಲ.

ಈ ಪ್ರಶ್ನೆಯಲ್ಲೇ ಒಂದು ತೊಡಕಿದೆ. ಲೇಸರ್ ಒಂದು ಆಪರೇಷನ್ ಹೆಸರಲ್ಲ, ಕಲ್ಲು ಪುಡಿ ಮಾಡುವ ಉಪಕರಣದ ಹೆಸರು. ಮೂತ್ರನಾಳದ ಮೇಲ್ಭಾಗದಲ್ಲಿ ಸಿಕ್ಕಿಕೊಂಡ ದೊಡ್ಡ ಕಲ್ಲನ್ನು ತೆಗೆಯೋಕೆ ನಾಲ್ಕು ದಾರಿ ಇವೆ. ನಾಲ್ಕೂ ಚಾಲ್ತಿಯಲ್ಲಿವೆ, ನಾಲ್ಕಕ್ಕೂ ಅದರದೇ ಲಾಭ, ಅದರದೇ ಅಪಾಯ. ಆದರೆ ರೋಗಿಗೆ ನಾಲ್ಕೂ ಗೊತ್ತಾಗೋದು ಅಪರೂಪ. ಹೋದ ಆಸ್ಪತ್ರೆಯಲ್ಲಿ ಯಾವ ಯಂತ್ರ ಇದೆಯೋ ಅದೇ ಚಿಕಿತ್ಸೆ ಅಂತ ತೀರ್ಮಾನ ಆಗಿಬಿಡುತ್ತೆ. ಹೈದರಾಲಿ ಹುಟ್ಟಿದ ಊರು ಅಂತ ಪಠ್ಯಪುಸ್ತಕದಲ್ಲಿ ಬರುವ ಬೂದಿಕೋಟೆಯಿಂದ ಯುರಾಲಜಿಸ್ಟ್ ಹತ್ತಿರ ಹೋಗಬೇಕು ಅಂದರೆ ಮೊದಲು ಬಂಗಾರಪೇಟೆಗೆ ಬಸ್ಸು, ಆಮೇಲೆ ಕೋಲಾರಕ್ಕೋ ಬೆಂಗಳೂರಿಗೋ. ಹಾಗಾಗಿ ಯಾವ ಆಪರೇಷನ್ ಒಳ್ಳೇದು ಅನ್ನೋ ಪ್ರಶ್ನೆ ಇಲ್ಲಿ, ಅದಕ್ಕೆ ಎಷ್ಟು ಸಲ ಓಡಾಡಬೇಕು ಅನ್ನೋ ಪ್ರಶ್ನೆಯೂ ಹೌದು.

ಕಲ್ಲು ಎಲ್ಲಿದೆ

ಕನ್ನಡದಲ್ಲಿ ಕಿಡ್ನಿಯಿಂದ ಮೂತ್ರಚೀಲಕ್ಕೆ ಬರುವ ಕೊಳವೆಗೂ, ಮೂತ್ರಚೀಲದಿಂದ ಹೊರಗೆ ಬರುವ ಕೊಳವೆಗೂ ಎಷ್ಟೋ ಸಲ ಮೂತ್ರನಾಳ ಅಂತಲೇ ಬರೀತೀವಿ. ಇಲ್ಲಿ ಮೂತ್ರನಾಳ ಅಂದರೆ ಮೊದಲನೆಯದು, ಯುರೇಟರ್. ಸುಮಾರು 25 ಸೆಂಟಿಮೀಟರ್ ಉದ್ದ, ಒಳಗಿನ ಅಗಲ ಬರೀ 3-4 ಮಿಲಿಮೀಟರ್. ಕಿಡ್ನಿಯಿಂದ ಹೊರಟು ಸೊಂಟದ ಮೂಳೆ ಶುರುವಾಗುವ ಮಟ್ಟದವರೆಗಿನ ಭಾಗ ಅಪ್ಪರ್ ಯುರೇಟರ್.

5 ಮಿಲಿಮೀಟರ್‌ಗಿಂತ ಚಿಕ್ಕ ಕಲ್ಲು ಮೂರರಲ್ಲಿ ಎರಡು ಪಾಲು ತಾನಾಗೇ ಹೋಗುತ್ತೆ. 5ರಿಂದ 10ರ ಒಳಗಿದ್ದರೆ ಅರ್ಧಕ್ಕರ್ಧ. 10 ದಾಟಿದರೆ ಕಾಯೋದರಲ್ಲಿ ಅರ್ಥ ಕಮ್ಮಿ. 15 ದಾಟಿದ್ದನ್ನು ಹೆಚ್ಚಿನ ಅಧ್ಯಯನಗಳು "ದೊಡ್ಡದು" ಅಂತ ಕರೀತವೆ. ಬಾಳೆದಿಂಡಿನ ರಸ, ಹುರುಳಿ ಕಟ್ಟು, ಬಿಯರ್ ಇವುಗಳ ಖ್ಯಾತಿ ಎಲ್ಲ ಬಂದಿರೋದು ತಾನಾಗೇ ಹೋಗಲಿದ್ದ ಚಿಕ್ಕ ಕಲ್ಲುಗಳಿಂದ. 4 ಮಿಲಿಮೀಟರ್ ನಾಳದಲ್ಲಿ 17 ಮಿಲಿಮೀಟರ್ ಕಲ್ಲು ಕೂತಿರುವಾಗ ಯಾವ ರಸವೂ ಅದನ್ನು ತಳ್ಳಲ್ಲ.

ಇಲ್ಲೇ ದೊಡ್ಡ ಮೋಸ ಒಂದಿದೆ. ಕಲ್ಲು ಒಂದೇ ಕಡೆ ಭದ್ರವಾಗಿ ಕೂತ ಮೇಲೆ ನೋವು ಕಡಿಮೆಯಾಗಬಹುದು, ನಿಂತೂ ಹೋಗಬಹುದು. ಜನ "ಬಿದ್ದೋಯ್ತು" ಅಂದುಕೊಳ್ತಾರೆ. ಆ ಕಡೆ ಮೂತ್ರ ಕಟ್ಟಿಕೊಂಡು ಕಿಡ್ನಿ ಊದ್ತಾ ಇರುತ್ತೆ. ಪೂರ್ತಿ ಅಡ್ಡಿಯಾಗಿದ್ದರೆ ಕೆಲವೇ ವಾರಗಳಲ್ಲಿ ಆ ಕಿಡ್ನಿಯ ಶಕ್ತಿ ವಾಪಸ್ ಬಾರದಷ್ಟು ಕುಂದಬಹುದು. ಇನ್ನೊಂದು ಕಿಡ್ನಿ ಕೆಲಸ ಮಾಡ್ತಿರೋದರಿಂದ ಮೈಗೆ ಏನೂ ಗೊತ್ತಾಗಲ್ಲ. ನೋವು ನಿಂತರೂ ಮತ್ತೆ ಸ್ಕ್ಯಾನ್ ಮಾಡಿಸಿ ಅಂತ ಡಾಕ್ಟರು ಹೇಳೋದು ಇದಕ್ಕೇ.

ಕಲ್ಲಿನ ಜತೆಗೆ ಚಳಿಜ್ವರ ಬಂದರೆ ಈ ಲೇಖನ ಓದೋದು ಬಿಟ್ಟು ಆಸ್ಪತ್ರೆಗೆ ಹೋಗಿ. ಕಟ್ಟಿಕೊಂಡ ಮೂತ್ರದಲ್ಲಿ ಸೋಂಕಾದರೆ ಗಂಟೆಗಳ ಲೆಕ್ಕದಲ್ಲಿ ರಕ್ತಕ್ಕೆ ನಂಜು ಏರುತ್ತೆ. ಆಗ ಕಲ್ಲು ತೆಗೆಯೋ ಮಾತೇ ಇಲ್ಲ. ಮೊದಲು ಒಂದು ಸ್ಟೆಂಟ್ ಅಥವಾ ಬೆನ್ನಿನ ಕಡೆಯಿಂದ ಒಂದು ನಳಿಕೆ ಹಾಕಿ ಮೂತ್ರ ಹರಿಸಬೇಕು. ಕಲ್ಲಿನ ವಿಚಾರ ಸೋಂಕು ಇಳಿದ ಮೇಲೆ.

ಹೊರಗಿನಿಂದ ಒಡೆಯೋದು

ಮೊದಲನೇ ದಾರಿ ಇಎಸ್‌ಡಬ್ಲ್ಯುಎಲ್, ಅಂದರೆ ಶಾಕ್‌ವೇವ್. ಇದರ ಹಿಂದಿರೋದು ವಿಮಾನ ಮಾಡುವ ಕಂಪನಿ. ಜರ್ಮನಿಯ ಡಾರ್ನಿಯರ್‌ನವರು ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನದ ಮೈಗೆ ಮಳೆಹನಿ ಬಡಿದರೆ ಏನಾಗುತ್ತೆ ಅಂತ ನೋಡುತ್ತಿದ್ದಾಗ ಆಘಾತ ತರಂಗದ ಈ ಗುಣ ಕಣ್ಣಿಗೆ ಬಿತ್ತು. 1980ರ ಫೆಬ್ರವರಿಯಲ್ಲಿ ಮ್ಯೂನಿಕ್‌ನಲ್ಲಿ ಕ್ರಿಶ್ಚಿಯನ್ ಶೌಸಿ ಮತ್ತು ತಂಡ ಮೊದಲ ರೋಗಿಗೆ ಅದನ್ನು ಬಳಸಿತು. ಗಾಯ ಇಲ್ಲ, ಪೂರ್ತಿ ಅರಿವಳಿಕೆ ಸಾಮಾನ್ಯವಾಗಿ ಬೇಕಿಲ್ಲ, ಅದೇ ದಿನ ಮನೆಗೆ. ಕೇಳೋಕೆ ಇದಕ್ಕಿಂತ ಒಳ್ಳೇದು ಇಲ್ಲ.

ಆದರೆ ನಾಳದಲ್ಲಿ ಬಿಗಿಯಾಗಿ ಕೂತ ಕಲ್ಲಿನ ಸುತ್ತ ದ್ರವಕ್ಕೆ ಜಾಗ ಇರಲ್ಲ. ಬಿರುಕು ಬಿಟ್ಟರೂ ಚೂರುಗಳು ಬಿಡಿಸಿಕೊಂಡು ಬರಲ್ಲ. ಸಿಟಿ ಸ್ಕ್ಯಾನ್ ರಿಪೋರ್ಟಿನಲ್ಲಿ ಕಲ್ಲಿನ ಸಾಂದ್ರತೆ 1,000 ಹೌನ್ಸ್‌ಫೀಲ್ಡ್ ಯೂನಿಟ್ ದಾಟಿದ್ದರೆ ಒಡೆಯೋದೂ ಕಷ್ಟ. ಒಡೆದ ಚೂರುಗಳು ಸಾಲಾಗಿ ನಾಳದಲ್ಲಿ ನಿಂತರೆ ಇನ್ನೊಂದು ತೊಂದರೆ, ಜರ್ಮನ್ನರು ಅದಕ್ಕೆ ಕಲ್ಲಿನ ಬೀದಿ ಅಂತಲೇ ಹೆಸರಿಟ್ಟಿದ್ದಾರೆ. ಗರ್ಭಿಣಿಯರಿಗೆ, ರಕ್ತ ಹೆಪ್ಪುಗಟ್ಟದ ಸಮಸ್ಯೆ ಇರುವವರಿಗೆ ಇದು ಆಗಲ್ಲ. ದೊಡ್ಡ ಕಲ್ಲಿಗೆ ಎರಡು-ಮೂರು ಸಿಟ್ಟಿಂಗ್ ಬೇಕಾಗೋದು ಮಾಮೂಲು.

ಕೆಳಗಿನಿಂದ ಹತ್ತೋದು

ಎರಡನೇದು ಯುರೆಟೆರೊಸ್ಕೋಪಿ, ರೋಗಿಗಳ ಭಾಷೆಯಲ್ಲಿ "ಲೇಸರ್". ಮೂತ್ರದ್ವಾರದಿಂದ ತೆಳ್ಳಗಿನ ದುರ್ಬೀನು ಹಾಕಿ, ಮೂತ್ರಚೀಲ ದಾಟಿ, ನಾಳದೊಳಗೆ ಮೇಲೆ ಹತ್ತಿ, ಕಲ್ಲನ್ನು ಅಲ್ಲೇ ಒಡೆಯೋದು. ಮೈಮೇಲೆ ಒಂದು ಗೀರೂ ಬೀಳಲ್ಲ.

ಒಡೆಯೋಕೆ ಎರಡು ಉಪಕರಣ. ಹಳೇದು ನ್ಯೂಮ್ಯಾಟಿಕ್, ಒತ್ತಿದ ಗಾಳಿಯಿಂದ ಒಂದು ಸಣ್ಣ ಸರಳು ಕಲ್ಲಿಗೆ ಬಡೀತಾ ಹೋಗುತ್ತೆ. ಕೆಜಿಎಫ್ ಗಣಿಯೊಳಗೆ ಬಂಡೆ ಕೊರೀತಿದ್ದ ಗಾಳಿ ಡ್ರಿಲ್ಲಿನ ತತ್ವವೇ, ಗಾತ್ರ ಮಾತ್ರ ಕಡ್ಡಿಯಷ್ಟು. ಅಗ್ಗ, ಗಟ್ಟಿಮುಟ್ಟು. ಆದರೆ ಬಡಿದ ಹೊಡೆತಕ್ಕೆ ಕಲ್ಲು ಹಿಂದಕ್ಕೆ ಜಾರಿ ಕಿಡ್ನಿಯೊಳಗೆ ಓಡಿಹೋಗುತ್ತೆ. ಮೇಲ್ಭಾಗದ ಕಲ್ಲಿಗೆ ಕಿಡ್ನಿ ಪಕ್ಕದಲ್ಲೇ ಇರೋದರಿಂದ, ಮೇಲಿನ ನಾಳವೂ ಊದಿ ಅಗಲವಾಗಿರೋದರಿಂದ, ಈ ತಾಪತ್ರಯ ಇಲ್ಲೇ ಹೆಚ್ಚು. ಹೊಸದು ಹೋಲ್ಮಿಯಂ ಲೇಸರ್, ಇತ್ತೀಚೆಗೆ ಥುಲಿಯಂ ಫೈಬರ್ ಲೇಸರ್. ಇವು ಕಲ್ಲನ್ನು ಅಷ್ಟು ತಳ್ಳಲ್ಲ, ಪುಡಿಯೂ ನುಣ್ಣಗೆ.

ದುರ್ಬೀನೂ ಎರಡು ಥರ. ಸೆಮಿ-ರಿಜಿಡ್ ಸ್ಕೋಪ್ ಬಾಗಲ್ಲ, ಹಾಗಾಗಿ ಕಿಡ್ನಿಯೊಳಗೆ ಓಡಿದ ಕಲ್ಲನ್ನು ಅಟ್ಟಿಸಿಕೊಂಡು ಹೋಗಲ್ಲ. ಫ್ಲೆಕ್ಸಿಬಲ್ ಸ್ಕೋಪ್ ಹೋಗುತ್ತೆ, ಆಗ ಅದನ್ನು ಆರ್‌ಐಆರ್‌ಎಸ್ ಅಂತಾರೆ. ಬೆಲೆ ಲಕ್ಷಗಳಲ್ಲಿ, ನಾಜೂಕು, ಸ್ವಲ್ಪ ತಪ್ಪಾಗಿ ಬಗ್ಗಿಸಿದರೂ ರಿಪೇರಿಗೆ. ಸರ್ಕಾರಿ ವ್ಯವಸ್ಥೆಯಲ್ಲಿ ಇಂಥ ಉಪಕರಣ ಕೆಟ್ಟರೆ ರಿಪೇರಿ ಕಡತ ಎಷ್ಟು ಮೇಜು ದಾಟಬೇಕು ಅನ್ನೋದು ನಿಮಗೆ ಗೊತ್ತೇ ಇದೆ. ಹಾಗಾಗಿ ಡಾಕ್ಟರು "ಸ್ಕೋಪಿ ಮಾಡ್ತೀವಿ" ಅಂದಾಗ ಕೇಳಬೇಕಾದ್ದು: ಕಲ್ಲು ಮೇಲಕ್ಕೆ ಜಾರಿದರೆ ಅದೇ ದಿನ ಫ್ಲೆಕ್ಸಿಬಲ್ ಹಾಕ್ತೀರಾ, ಅಥವಾ ಸ್ಟೆಂಟ್ ಹಾಕಿ ಇನ್ನೊಂದು ಸಲ ಬನ್ನಿ ಅಂತೀರಾ? ಇದು ಜಗಳದ ಪ್ರಶ್ನೆ ಅಲ್ಲ. ಒಳ್ಳೆ ಯುರಾಲಜಿಸ್ಟ್ ಇದಕ್ಕೆ ನೇರ ಉತ್ತರ ಕೊಡ್ತಾರೆ.

ಅಪಾಯ ಏನು ಅಂದರೆ ಸೋಂಕು, ನಾಳಕ್ಕೆ ಗಾಯ, ತಿಂಗಳುಗಳ ನಂತರ ಕಾಣಿಸಿಕೊಳ್ಳುವ ನಾಳದ ಕಿರಿದಾಗುವಿಕೆ. ಬಹಳ ದಿನ ಒಂದೇ ಕಡೆ ಕೂತ ಕಲ್ಲಿಗೆ ಈ ಕೊನೆಯದು ಹೆಚ್ಚು. ನಾಳವೇ ಕಿತ್ತುಬರೋದು ತೀರಾ ಅಪರೂಪ, ಆದರೆ ಆದರೆ ದೊಡ್ಡ ಅನಾಹುತ.

ಬೆನ್ನಿನಿಂದ ಇಳಿಯೋದು

ಪಿಸಿಎನ್‌ಎಲ್ ಅನ್ನೋದು ಕಿಡ್ನಿಯ ಕಲ್ಲಿಗೆ ಹುಟ್ಟಿದ ವಿಧಾನ. ಸ್ವೀಡನ್ನಿನ ಫರ್ನ್‌ಸ್ಟ್ರಾಮ್ ಮತ್ತು ಯೋಹಾನ್ಸನ್ 1976ರಲ್ಲಿ ವರದಿ ಮಾಡಿದ್ದು. ಬೆನ್ನಿನ ಪಕ್ಕದಿಂದ ಸೂಜಿ ಚುಚ್ಚಿ ಕಿಡ್ನಿಗೆ ದಾರಿ ಮಾಡಿ, ಅಲ್ಲಿಂದ ಕೆಳಗೆ ನಾಳಕ್ಕೆ ಇಳಿಯೋದು. ಈ ದಾರಿಗೆ ಊದಿಕೊಂಡ ಕಿಡ್ನಿಯೇ ಅನುಕೂಲ, ಗುರಿ ದೊಡ್ಡದಾಗಿರುತ್ತೆ. ಕಲ್ಲು ಮೇಲಕ್ಕೆ ಜಾರಿದರೂ ಚಿಂತೆಯಿಲ್ಲ, ಡಾಕ್ಟರು ನಿಂತಿರೋದೇ ಮೇಲೆ. ಚೂರುಗಳನ್ನು ಅಲ್ಲೇ ಹೊರಗೆ ತೆಗೀಬಹುದು, ಮೂತ್ರದಲ್ಲಿ ಹೋಗಲಿ ಅಂತ ಕಾಯಬೇಕಿಲ್ಲ.

ಬೆಲೆ ತೆರಬೇಕಾದ್ದು ರಕ್ತಸ್ರಾವದ ರೂಪದಲ್ಲಿ. ಹಳೇ ಪದ್ಧತಿಯಲ್ಲಿ ದಾರಿ 8-10 ಮಿಲಿಮೀಟರ್ ಅಗಲ. ಈಗಿನ ಮಿನಿ ಪಿಸಿಎನ್‌ಎಲ್‌ನಲ್ಲಿ ಅದು 5-6ಕ್ಕೆ ಇಳಿದಿದೆ, ರಕ್ತ ಹೋಗೋದೂ ಕಮ್ಮಿಯಾಗಿದೆ. ಕೆಲವು ದಿನ ಆಸ್ಪತ್ರೆಯಲ್ಲಿ ಇರಬೇಕು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳೋರು ಮೊದಲೇ ಹೇಳಲೇಬೇಕು.

ನಾಳ ಕೊಯ್ದು ತೆಗೆಯೋದು

ನಾಲ್ಕನೇದು ಲ್ಯಾಪರೊಸ್ಕೋಪಿಕ್ ಯುರೆಟೆರೊಲಿಥಾಟಮಿ. ಹೊಟ್ಟೆ ಅಥವಾ ಪಕ್ಕೆಯಲ್ಲಿ ಮೂರು-ನಾಲ್ಕು ರಂಧ್ರ ಮಾಡಿ, ಕಲ್ಲಿರುವ ಜಾಗದಲ್ಲಿ ನಾಳವನ್ನು ಸೀಳಿ, ಇಡೀ ಕಲ್ಲನ್ನು ಹಾಗೇ ಎತ್ತಿ, ಒಳಗೆ ಸ್ಟೆಂಟ್ ಇಟ್ಟು ಹೊಲಿಗೆ ಹಾಕೋದು. ಒಡೆಯೋ ಪ್ರಶ್ನೆಯೇ ಇಲ್ಲದ್ದರಿಂದ ಚೂರು ಉಳಿಯೋದೂ ಇಲ್ಲ. ಪೂರ್ತಿ ಅರಿವಳಿಕೆ ಬೇಕು, ಮೂತ್ರ ಸೋರುವ ಸಾಧ್ಯತೆ ಇದೆ. ಹೊಟ್ಟೆ ತೆರೆದು ಮಾಡುವ ಹಳೇ ಆಪರೇಷನ್‌ಗೆ ಈಗ ಜಾಗ ಉಳಿದಿರೋದು ಬೇರೆಲ್ಲ ಸೋತಾಗ ಮಾತ್ರ.

ಶ್ರೀಮಂತ ದೇಶಗಳಲ್ಲಿ ಲ್ಯಾಪರೊಸ್ಕೋಪಿ ಈ ಪಟ್ಟಿಯ ತಳದಲ್ಲಿದೆ. ಅಲ್ಲಿ ಎಲ್ಲ ಕಡೆ ಲೇಸರು, ಫ್ಲೆಕ್ಸಿಬಲ್ ಸ್ಕೋಪು ಸಿಗುತ್ತೆ, ಹೊಟ್ಟೆಗೆ ತೂತು ಮಾಡೋಕೆ ಕಾರಣ ಬೇಕು. ನಮ್ಮಲ್ಲಿ ಉಲ್ಟಾ. ಪಿತ್ತಕೋಶ, ಅಪೆಂಡಿಕ್ಸ್, ಸಂತಾನಹರಣದ ಕಾರಣಕ್ಕೆ ಲ್ಯಾಪರೊಸ್ಕೋಪು ಜಿಲ್ಲೆ ಮಟ್ಟಕ್ಕೂ ಬಂದಿದೆ, ಲೇಸರು ಅಷ್ಟು ಬಂದಿಲ್ಲ. ಆದರೆ ಉಪಕರಣ ಇದ್ದ ಮಾತ್ರಕ್ಕೆ ಆಗಲ್ಲ. 4 ಮಿಲಿಮೀಟರ್ ಕೊಳವೆಯನ್ನು ಪರದೆ ನೋಡಿಕೊಂಡು ಹೊಲಿಯೋ ಕೈ ಬೇಕು, ಅದು ವರ್ಷಗಳ ಅಭ್ಯಾಸ.

ಅಂಕಿ ಏನು ಹೇಳುತ್ತೆ

ಯುರೋಪಿನ ಮತ್ತು ಅಮೆರಿಕದ ಯುರಾಲಜಿ ಸಂಘಗಳು 2007ರಲ್ಲಿ ಅಷ್ಟೂ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದವು. ಮೇಲ್ಭಾಗದ ಕಲ್ಲು 10 ಮಿಲಿಮೀಟರ್ ಒಳಗಿದ್ದಾಗ ಕಲ್ಲು ಪೂರ್ತಿ ಹೋದದ್ದು ಶಾಕ್‌ವೇವ್‌ನಲ್ಲಿ ಶೇ. 90, ಸ್ಕೋಪಿಯಲ್ಲಿ ಶೇ. 80. 10 ದಾಟಿದ ಕೂಡಲೇ ಲೆಕ್ಕ ತಿರುಗಿತು: ಶಾಕ್‌ವೇವ್ ಶೇ. 68, ಸ್ಕೋಪಿ ಶೇ. 79. ಯುರೋಪಿನ ಮಾರ್ಗಸೂಚಿ 10 ಮಿಲಿಮೀಟರ್ ದಾಟಿದ ಮೇಲ್ಭಾಗದ ಕಲ್ಲಿಗೆ ಸ್ಕೋಪಿಯನ್ನು ಮೊದಲು, ಶಾಕ್‌ವೇವನ್ನು ಆಮೇಲೆ ಇಡೋದು ಈ ಕಾರಣಕ್ಕೆ.

ಆದರೆ 15 ದಾಟಿದ ಕಲ್ಲಿಗೆ? ಇಲ್ಲಿ ಉಪಯೋಗಕ್ಕೆ ಬರೋದು ಇರಾನಿನಲ್ಲಿ ಬಸಿರಿ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನ. ಒಂದೂವರೆ ಸೆಂಟಿಮೀಟರ್‌ಗಿಂತ ದೊಡ್ಡ ಕಲ್ಲಿದ್ದ 150 ಜನರನ್ನು ಚೀಟಿ ಎತ್ತಿದ ಹಾಗೆ 50ರ ಮೂರು ಗುಂಪು ಮಾಡಿದರು. ಡಿಸ್‌ಚಾರ್ಜ್ ಆಗುವಾಗ ಯಶಸ್ಸು ಸೆಮಿ-ರಿಜಿಡ್ ಸ್ಕೋಪಿಯಲ್ಲಿ ಶೇ. 56, ಬೆನ್ನಿನ ದಾರಿಯಲ್ಲಿ ಶೇ. 64, ಲ್ಯಾಪರೊಸ್ಕೋಪಿಯಲ್ಲಿ ಶೇ. 88. ಮೂರು ವಾರ ಬಿಟ್ಟು ನೋಡಿದಾಗ ಅದೇ ಕ್ರಮದಲ್ಲಿ 76, 86, 90.

ಈ ಎರಡು ಸಾಲು ಅಂಕಿಗಳ ನಡುವಿನ ಅಂತರವನ್ನು ನಾನು ಮತ್ತೆ ಮತ್ತೆ ನೋಡ್ತೀನಿ. ಸ್ಕೋಪಿಯಲ್ಲಿ 56 ಇದ್ದದ್ದು 76 ಆಯ್ತು, ಲ್ಯಾಪರೊಸ್ಕೋಪಿಯಲ್ಲಿ 88 ಇದ್ದದ್ದು 90 ಆಯ್ತು. ಅಂದರೆ ಒಂದು ಕಡೆ ಮನೆಗೆ ಹೋಗುವಾಗಲೇ ಹೆಚ್ಚು ಕಡಿಮೆ ಕೆಲಸ ಮುಗಿದಿದೆ, ಇನ್ನೊಂದು ಕಡೆ ಐವರಲ್ಲಿ ಒಬ್ಬರ ಫಲಿತಾಂಶ ಆಮೇಲಿನ ಮೂರು ವಾರಕ್ಕೆ ಉಳಿದಿದೆ. ಪ್ರಬಂಧದಲ್ಲಿ ಅಂತಿಮ ಅಂಕಿಯೇ ಮುಖ್ಯ. ದಿನಗೂಲಿಯವರಿಗೆ ಮೊದಲ ಅಂಕಿಯೂ ಅಷ್ಟೇ ಮುಖ್ಯ. ಫ್ಲೆಕ್ಸಿಬಲ್ ಸ್ಕೋಪ್ ಮತ್ತು ಒಳ್ಳೆ ಲೇಸರ್ ಇರುವ ಕಡೆ ಇವತ್ತು ಸ್ಕೋಪಿಯ ಫಲಿತಾಂಶ ಆ ಕಾಲಕ್ಕಿಂತ ಚೆನ್ನಾಗಿದೆ, ಅದನ್ನೂ ಹೇಳಲೇಬೇಕು. ಪ್ರಶ್ನೆ ಮತ್ತೆ ಅಲ್ಲಿಗೇ ಬರುತ್ತೆ: ನೀವು ಹೋಗೋ ಕಡೆ ಇರೋದು 2008ರ ಉಪಕರಣವೋ, ಇವತ್ತಿನದೋ.

ಶಾಕ್‌ವೇವ್ ಪರವಾಗಿಯೂ ಒಂದು ಮಾತು. ಬ್ರಿಟನ್ನಿನ ಎನ್‌ಎಚ್‌ಎಸ್‌ನ 25 ಆಸ್ಪತ್ರೆಗಳಲ್ಲಿ 613 ಜನರ ಮೇಲೆ ನಡೆದ ಟಿಸು ಅಧ್ಯಯನದಲ್ಲಿ ಶಾಕ್‌ವೇವ್ ತಗೊಂಡವರಲ್ಲಿ ಶೇ. 22ರಷ್ಟು ಜನಕ್ಕೆ ಮತ್ತೆ ಚಿಕಿತ್ಸೆ ಬೇಕಾಯ್ತು, ಸ್ಕೋಪಿಯವರಲ್ಲಿ ಶೇ. 10ಕ್ಕೆ. ಹಾಗಿದ್ದೂ ಖರ್ಚು ಕಮ್ಮಿ ಆಗಿದ್ದು ಶಾಕ್‌ವೇವ್‌ನದೇ. ಆದರೆ ಅದು ನಾಳದ ಎಲ್ಲ ಭಾಗದ, ಎಲ್ಲ ಗಾತ್ರದ ಕಲ್ಲುಗಳ ಲೆಕ್ಕ. ಲೆಕ್ಕ ಹಾಕಿದ್ದು ಖರ್ಚೆಲ್ಲ ಸರ್ಕಾರವೇ ಹೊರುವ ದೇಶದಲ್ಲಿ. 17 ಮಿಲಿಮೀಟರ್ ಕಲ್ಲಿಗೆ, ಕೂಲಿ ಬಿಟ್ಟು ರೈಲು ಹತ್ತಬೇಕಾದವರಿಗೆ ಅದನ್ನು ಹಾಗೇ ತಂದು ಹೊಂದಿಸೋಕಾಗಲ್ಲ.

ಒಳಗೆ ಉಳಿಯುವ ಸ್ಟೆಂಟ್

ಯಾವ ದಾರಿ ಹಿಡಿದರೂ ಡಿಜೆ ಸ್ಟೆಂಟ್ ಇಡೋದು ಬಹುತೇಕ ಇದ್ದೇ ಇರುತ್ತೆ. ಎರಡೂ ತುದಿ ಸುರುಳಿ ಸುತ್ತಿದ ಮೆತ್ತನೆ ಕೊಳವೆ, ಒಂದು ತುದಿ ಕಿಡ್ನಿಯಲ್ಲಿ, ಇನ್ನೊಂದು ಮೂತ್ರಚೀಲದಲ್ಲಿ. ಕೆಲವು ವಾರಗಳ ನಂತರ ತೆಗೀಬೇಕು. ಉರಿ ಮೂತ್ರ, ಪದೇ ಪದೇ ಹೋಗಬೇಕು ಅನ್ನಿಸೋದು, ಒಮ್ಮೊಮ್ಮೆ ರಕ್ತ ಇದೆಲ್ಲ ಕೆಲವರಿಗೆ ಇರುತ್ತೆ. ಕೆಲವರಿಗೆ ಏನೂ ಅನ್ನಿಸಲ್ಲ. ಆ ಎರಡನೇ ಗುಂಪಿಗೇ ಅಪಾಯ ಜಾಸ್ತಿ, ಯಾಕೆಂದರೆ ಮರೆತುಬಿಡ್ತಾರೆ.

ಸೌದಿ ಅರೇಬಿಯಾದಿಂದ 1991ರಲ್ಲಿ ಬಂದ ಒಂದು ವರದಿ ಈ ವಿಷಯದಲ್ಲಿ ಇವತ್ತಿಗೂ ಉಲ್ಲೇಖವಾಗುತ್ತೆ. ಆರು ವಾರದೊಳಗೆ ತೆಗೆದ ಸ್ಟೆಂಟ್‌ಗಳಲ್ಲಿ ಸುಮಾರು ಶೇ. 9ರ ಮೇಲೆ ಕಲ್ಲಿನ ಪದರ ಕಟ್ಟಿತ್ತು. ಆರರಿಂದ ಹನ್ನೆರಡು ವಾರದಲ್ಲಿ ತೆಗೆದವುಗಳಲ್ಲಿ ಶೇ. 47.5. ಅದಕ್ಕಿಂತ ತಡವಾದವುಗಳಲ್ಲಿ ಶೇ. 76. ಕಲ್ಲು ತೆಗೆಸೋಕೆ ಹಾಕಿದ ಸ್ಟೆಂಟ್‌ಗೇ ಕಲ್ಲು ಕಟ್ಟಿ, ಅದನ್ನು ತೆಗೆಯೋಕೆ ಮೊದಲಿಗಿಂತ ದೊಡ್ಡ ಆಪರೇಷನ್ ಆಗೋದು ಯುರಾಲಜಿಸ್ಟ್‌ಗಳು ಪದೇ ಪದೇ ನೋಡುವ ವಿಷಯ. ಡಿಸ್‌ಚಾರ್ಜ್ ಸಮ್ಮರಿ ಇಂಗ್ಲಿಷಲ್ಲಿ ಇರುತ್ತೆ. ಒಳಗೆ ಒಂದು ವಸ್ತು ಉಳಿದಿದೆ ಅನ್ನೋದನ್ನು ಕನ್ನಡದಲ್ಲೋ, ಕೆಜಿಎಫ್ ಕಡೆ ತಮಿಳಲ್ಲೋ, ತೆಲುಗಲ್ಲೋ ದೊಡ್ಡ ಅಕ್ಷರದಲ್ಲಿ ಬರೆದು ತಾರೀಖು ಹಾಕಿ ಕೊಡೋಕೆ ಲೇಸರ್ ಬೇಕಿಲ್ಲ, ಪೆನ್ನು ಸಾಕು.

ಕಾರ್ಡು, ರೆಫರಲ್, ರೈಲು

2018ರ ಮಾರ್ಚ್‌ನಲ್ಲಿ ಶುರುವಾದ ಆರೋಗ್ಯ ಕರ್ನಾಟಕ ಅದೇ ವರ್ಷ ಆಯುಷ್ಮಾನ್ ಭಾರತ್ ಜತೆ ಸೇರಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ಮಿತಿ ಒಂದೂವರೆ ಲಕ್ಷ. ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗಲ್ಲ ಅಂದರೆ ರೆಫರಲ್ ತಗೊಂಡು ಖಾಸಗಿಗೆ ಹೋಗಬೇಕು. ನೇರವಾಗಿ ಖಾಸಗಿಗೆ ಹೋಗಿ ಅಡ್ಮಿಟ್ ಆಗಿ ಆಮೇಲೆ ಕಾರ್ಡ್ ತೋರಿಸೋರು ಕೈ ಸುಟ್ಟುಕೊಳ್ಳೋದು ಇಲ್ಲೇ.

ಬಂಗಾರಪೇಟೆ ತಾಲೂಕಿನವರಿಗೆ ಆ ದಾರಿ ಅಂದರೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆ. ಟಮಕದಲ್ಲಿ ಮೆಡಿಕಲ್ ಕಾಲೇಜಿನ ಆರ್.ಎಲ್. ಜಾಲಪ್ಪ ಆಸ್ಪತ್ರೆ ಇದೆ. ಬೆಂಗಳೂರಲ್ಲಿ ವಿಕ್ಟೋರಿಯಾ ಆವರಣದಲ್ಲಿ ಈ ರೋಗಗಳಿಗೇ ಮೀಸಲಾದ ಸರ್ಕಾರಿ ನೆಫ್ರೊ-ಯುರಾಲಜಿ ಸಂಸ್ಥೆ ಇದೆ. ಒಂದು ಕಾಲಕ್ಕೆ ಕೆಜಿಎಫ್‌ನ ಗಣಿ ಆಸ್ಪತ್ರೆಗೆ ದೊಡ್ಡ ಹೆಸರಿತ್ತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಆಸ್ಪತ್ರೆಯೂ ಪಾಳು ಬಿತ್ತು. 2021ರ ಕೋವಿಡ್ ಅಲೆಯಲ್ಲಿ ಧೂಳು ಹೊಡೆದು ಮತ್ತೆ ಹಾಸಿಗೆ ಹಾಕಬೇಕಾಯ್ತು. ಈಗ ಮಾರಿಕುಪ್ಪಂ ರೈಲಲ್ಲಿ ದಿನಾ ಕೆಲಸಕ್ಕೆ ಬೆಂಗಳೂರಿಗೆ ಹೋಗುವವರ ಜತೆಗೆ ರೋಗಿಗಳೂ ನಿಂತುಕೊಂಡು ಹೋಗ್ತಾರೆ, ಬಂಗಾರಪೇಟೆಯಿಂದ ಸುಮಾರು 70 ಕಿಲೋಮೀಟರ್.

ಈ ಲೆಕ್ಕ ಹಾಕಿ: ಮೊದಲ ಸಲ ತೋರಿಸೋಕೆ, ಪರೀಕ್ಷೆಗಳಿಗೆ, ಆಪರೇಷನ್‌ಗೆ, ಉಳಿದ ಕಲ್ಲಿಗೆ ಇನ್ನೊಂದು ಸಲ, ಸ್ಟೆಂಟ್ ತೆಗೆಸೋಕೆ, ಆಮೇಲೆ ಕಿಡ್ನಿ ಇಳಿದಿದೆಯಾ ಅಂತ ಸ್ಕ್ಯಾನ್‌ಗೆ. ಪ್ರತಿ ಸಲ ಇಬ್ಬರು, ಇಬ್ಬರ ಕೂಲಿ. ಇದು ಯಾವ ಪ್ಯಾಕೇಜಿಗೂ ಸೇರಲ್ಲ. ಹಾಗಾಗಿ ಆರೋಗ್ಯಮಿತ್ರರ ಹತ್ತಿರ ಬರೆಸಿಕೊಳ್ಳಿ: ಎರಡನೇ ಸಿಟ್ಟಿಂಗ್ ಬಂದರೆ ಅದು ಇದೇ ಪ್ಯಾಕೇಜಿನಲ್ಲಾ, ಸ್ಟೆಂಟ್ ತೆಗೆಯೋದು ಇದರೊಳಗೇನಾ, ತೆಗೆಯೋ ತಾರೀಖು ಯಾವತ್ತು. ನನ್ನ ಮಟ್ಟಿಗೆ ಕಲ್ಲೂ ಸ್ಟೆಂಟೂ ಎರಡೂ ಹೊರಬಂದ ದಿನವೇ ಆಪರೇಷನ್ ಮುಗಿದ ದಿನ. ಸರ್ಕಾರ ಆಸ್ಪತ್ರೆಗೆ ದುಡ್ಡು ಕೊಡೋದೂ ಆ ದಿನದ ಲೆಕ್ಕಕ್ಕೆ ಆಗಬೇಕು.

17 ಮಿಲಿಮೀಟರ್‌ನವರಿಗೆ ನಾನು ಕೊಡುವ ಉತ್ತರ ಇಷ್ಟು. ಫ್ಲೆಕ್ಸಿಬಲ್ ಸ್ಕೋಪೂ ಲೇಸರೂ ಒಂದೇ ಕಡೆ ಸಿಕ್ಕರೆ ಅದು. ಅದಿಲ್ಲ, ಕಿಡ್ನಿ ಚೆನ್ನಾಗಿ ಊದಿದೆ, ಮಿನಿ ಪಿಸಿಎನ್‌ಎಲ್ ದಿನಾ ಮಾಡುವ ಡಾಕ್ಟರು ಇದ್ದಾರೆ ಅಂದರೆ ಬೆನ್ನಿನ ದಾರಿಗೆ ಹೆದರಬೇಕಿಲ್ಲ. ಎರಡು ಸೆಂಟಿಮೀಟರ್ ದಾಟಿ ತಿಂಗಳುಗಟ್ಟಲೆ ಕೂತ ಕಲ್ಲಿಗೆ ಲ್ಯಾಪರೊಸ್ಕೋಪಿ ಅಂದರೆ "ಹೊಟ್ಟೆ ಕುಯ್ತಾರೆ" ಅಂತ ಓಡಿ ಬರಬೇಡಿ, ಎಷ್ಟು ಮಾಡಿದ್ದೀರಿ ಅಂತ ಕೇಳಿ. ಈ ಗಾತ್ರಕ್ಕೆ ಬರೀ ಶಾಕ್‌ವೇವ್ ಅಂದರೆ ಮಾತ್ರ ಇನ್ನೊಬ್ಬರ ಅಭಿಪ್ರಾಯ ತಗೊಳ್ಳಿ. ಕೊನೆಯ ಮಾತು ಸಿಟಿ ಸ್ಕ್ಯಾನ್ ಮುಂದಿಟ್ಟುಕೊಂಡ ಯುರಾಲಜಿಸ್ಟರದ್ದು.

ಮತ್ತೆ ಬರದ ಹಾಗೆ

ಕೋಲಾರದಲ್ಲಿ ಕಲ್ಲು ಅಂದ ಕೂಡಲೇ ಬೋರ್‌ವೆಲ್ಲಿನ ಗಡಸು ನೀರನ್ನು ಬೈಯೋದು ರೂಢಿ. ಇಲ್ಲಿನ ಅಂತರ್ಜಲದ ಫ್ಲೋರೈಡ್ ಮೂಳೆಗೆ, ಹಲ್ಲಿಗೆ ಮಾಡುವ ಹಾನಿ ನಿಜ. 2023ರ ನವೆಂಬರಿನಲ್ಲಿ ಉದ್ಘಾಟನೆಯಾದ ಯರಗೋಳ್ ಅಣೆಕಟ್ಟಿನ ನೀರಿಗೆ ಜನ ಅಷ್ಟು ವರ್ಷ ಕಾದದ್ದೂ ಸುಮ್ಮನೆ ಅಲ್ಲ. ಆದರೆ ಕಲ್ಲಿನ ವಿಷಯದಲ್ಲಿ ನೀರಿನ ಗಡಸುತನಕ್ಕೆ ಸಿಕ್ಕಿರುವ ಪುರಾವೆ ದುರ್ಬಲ, ನೀರಿನ ಪ್ರಮಾಣಕ್ಕೆ ಸಿಕ್ಕಿರುವ ಪುರಾವೆ ಗಟ್ಟಿ. ಇಟಲಿಯಲ್ಲಿ ನಡೆದು 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೊದಲ ಕಲ್ಲು ಬಂದವರು ಜಾಸ್ತಿ ನೀರು ಕುಡಿದಾಗ ಐದು ವರ್ಷದಲ್ಲಿ ಮತ್ತೆ ಕಲ್ಲು ಬಂದದ್ದು ಶೇ. 12ರಷ್ಟು ಜನಕ್ಕೆ, ಹಾಗೆ ಕುಡಿಯದವರಲ್ಲಿ ಶೇ. 27ಕ್ಕೆ. ಗುರಿ ದಿನಕ್ಕೆ ಎರಡೂವರೆ ಲೀಟರ್ ಮೂತ್ರ. ಗಾರ್ಮೆಂಟ್ಸ್‌ನಲ್ಲಿ, ತುಂಬಿದ ರೈಲಲ್ಲಿ, ಹೊಲದಲ್ಲಿ ಶೌಚಾಲಯ ಇಲ್ಲ ಅಂತ ಬೆಳಗಿನಿಂದ ನೀರನ್ನೇ ಮುಟ್ಟದ ಹೆಣ್ಣುಮಕ್ಕಳಿಗೆ ಈ ಸಲಹೆ ಕೊಡುವ ಮುಂಚೆ ಶೌಚಾಲಯ ಕಟ್ಟಬೇಕು.

ಇನ್ನೊಂದು ಸಣ್ಣ ವಿಷಯ. ಆಪರೇಷನ್ ಆದ ಮೇಲೆ ಕಲ್ಲಿನ ಚೂರನ್ನು ಲ್ಯಾಬ್‌ಗೆ ಕಳಿಸಿ ಅಂತ ಕೇಳಿ. ಅದು ಯೂರಿಕ್ ಆಮ್ಲದ ಕಲ್ಲು ಅಂತ ಗೊತ್ತಾದರೆ, ಮುಂದಿನದನ್ನು ಮೂತ್ರದ ಆಮ್ಲೀಯತೆ ಇಳಿಸುವ ಔಷಧಿಯಿಂದಲೇ ಕರಗಿಸಬಹುದು.